ಮನೆಯಲ್ಲಿ ಕಟ್ಟಿದ ಗಿಟಾರ್ ಪೆಡಲ್ ಬ್ಯಾಟರಿ ತಿಂತಿದ್ರೆ ಎಲ್ಲಿ ಹುಡುಕಬೇಕು: ನನ್ನ ಅನುಭವ

ಗಿಟಾರಿನ ಸೌಂಡ್ ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿಯೇ ಪೆಡಲ್. ಬ್ಯಾಟರಿ ಬೇಗ ಖಾಲಿಯಾಗುವ ಪೆಡಲ್ ಎಷ್ಟೋ ಸಲ ಬರೋಬ್ಬರಿ ಸೌಂಡ್ ಕೊಡುತ್ತಲೇ ಇರುತ್ತದೆ. ಹಾಗಾಗಿ ಕಿವಿಯನ್ನು ನಂಬಿ ಈ ದೋಷ ಹುಡುಕಲು ಆಗುವುದಿಲ್ಲ, ಮೀಟರೇ ಬೇಕು. ಹುಬ್ಬಳ್ಳಿಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಸಿಗುವ ಸಾದಾ ಡಿಜಿಟಲ್ ಮೀಟರ್ ಸಾಕು.

ಬ್ಯಾಟರಿ ಕ್ಲಿಪ್ಪಿನ ಒಂದೇ ಗುಂಡಿ ಹಾಕಿ, ಕ್ಲಿಪ್ಪನ್ನು ಪಕ್ಕಕ್ಕೆ ತಿರುಗಿಸಿ. ಬಿಟ್ಟುಹೋದ ಎರಡು ಗುಂಡಿಗಳ (ಬ್ಯಾಟರಿಯದೊಂದು, ಕ್ಲಿಪ್ಪಿನದೊಂದು) ನಡುವೆ ಮೀಟರಿನ ಕಡ್ಡಿಗಳನ್ನು ಹಿಡಿಯಿರಿ, ರೇಂಜ್ 200 ಮಿಲಿಆಂಪ್. ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ಹಿಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಇನ್‌ಪುಟ್ ಜ್ಯಾಕಿಗೆ ಗಿಟಾರ್ ಕೇಬಲ್ಲಿನ ಮೋನೋ ಪಿನ್ ಹಾಕಿದ ಮೇಲೇ ಕರೆಂಟ್ ಹರಿಯಬೇಕು.

ಅಳೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕುತ್ತೇನೆ. ನನ್ನ ಓವರ್‌ಡ್ರೈವ್‌ನಲ್ಲಿ (ಸೌಂಡ್ ಒರಟಾಗಿಸುವ ಪೆಡಲ್) ಸಿಗ್ನಲ್ ಹಿಗ್ಗಿಸುವ ಚಿಪ್ ಟಿಎಲ್072 ಐಸಿಗೆ ಸುಮಾರು 2.8 ಮಿಲಿಆಂಪ್, ಅರ್ಧ ವೋಲ್ಟೇಜ್ ಕೊಡುವ ಎರಡು 10ಕೆ (10,000 ಓಮ್) ರೆಸಿಸ್ಟರ್‌ಗಳಿಗೆ 0.45, 4.7ಕೆ ಮೂಲಕ ಉರಿಯುವ ಕೆಂಪು ಎಲ್‌ಇಡಿಗೆ 1.5. ಒಟ್ಟು 5ರ ಒಳಗೆ. ಮೀಟರ್ ತೋರಿಸಿದ್ದು 22.

ಇಲ್ಲಿಂದ ಮುಂದೆ ಒಂದೊಂದೇ ಭಾಗ ಬಿಡಿಸುತ್ತ ಹೋಗುವುದು. ಎಲ್‌ಇಡಿಯ ಒಂದು ಕಾಲು ಎತ್ತಿದ ಕೂಡಲೇ 15 ಮಿಲಿಆಂಪ್ ಕಡಿಮೆಯಾಯಿತು. 4.7ಕೆ ಇರಬೇಕಾದಲ್ಲಿ 470 ಓಮ್ ಕೂತಿತ್ತು: ಬ್ಯಾಟರಿಯ 9 ವೋಲ್ಟಿನಲ್ಲಿ ಎಲ್‌ಇಡಿಯ 2 ವೋಲ್ಟ್ ಕಳೆದು 470ರಿಂದ ಭಾಗಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಸಾಕೆಟ್‌ನಿಂದ ಐಸಿ ತೆಗೆದರೂ 4.5 ಉಳಿಯಿತು. ಅರ್ಧ ವೋಲ್ಟೇಜ್ ಕೊಡುವ ಆ ಡಿವೈಡರ್‌ನ ಎರಡೂ ರೆಸಿಸ್ಟರ್‌ಗಳು 1ಕೆ! ರೆಸಿಸ್ಟರ್ ಮೇಲಿನ ಕಂದು-ಕಪ್ಪು-ಕೆಂಪು (1ಕೆ) ಮತ್ತು ಕಂದು-ಕಪ್ಪು-ಕಿತ್ತಳೆ (10ಕೆ) ಪಟ್ಟಿಗಳು ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ಹಚ್ಚುವ ಮೊದಲು ಅಳೆಯುವುದೇ ಸುರಕ್ಷಿತ. ಎರಡೂ ಸಮ ಇರುವುದರಿಂದ ಮಧ್ಯದಲ್ಲಿ 4.5 ವೋಲ್ಟ್ ಬಂದೇ ಬರುತ್ತದೆ, ಸೌಂಡ್ ಕೆಡುವುದಿಲ್ಲ, ಸಂಶಯಕ್ಕೂ ಜಾಗ ಇಲ್ಲ.

ಐಸಿ ಹಾಕಿದಾಗ ಮಾತ್ರ ಕರೆಂಟ್ ಅತಿಯಾಗಿ ಏರಿದರೆ ಅದು ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ತಾನಾಗೇ ಆಸಿಲೇಟ್ ಆಗುತ್ತಿರಬಹುದು (ಕಂಪಿಸುತ್ತಿರಬಹುದು). ಸಪ್ಲೈ ಕಾಲಿಗೆ ಹತ್ತಿರದಲ್ಲೇ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ. ಐಸಿ ತೆಗೆದ ಮೇಲೂ ಲೆಕ್ಕಕ್ಕೆ ಸಿಗದ ಕರೆಂಟ್ ಉಳಿದರೆ ಉಲ್ಟಾ ಕೂತ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅಥವಾ ಬ್ಯಾಟರಿ ಉಲ್ಟಾ ಆದರೆ ಕಾಪಾಡಲು ಸಪ್ಲೈಗೆ ಅಡ್ಡ ಇರುವ 1ಎನ್4001 ಡಯೋಡ್ ಮೇಲೆ ನನ್ನ ಅನುಮಾನ. ಒಮ್ಮೆ ಬ್ಯಾಟರಿ ಉಲ್ಟಾ ತಾಗಿದರೂ ಆ ಡಯೋಡ್‌ಗೆ ಪೆಟ್ಟು ಬೀಳಬಹುದು.

ಪಿನ್ ತೆಗೆದಿಟ್ಟರೂ ಬ್ಯಾಟರಿ ಸಾಯುತ್ತಿದ್ದರೆ ಮೊದಲು ಜ್ಯಾಕ್ ನೋಡಿ. ಬ್ಯಾಟರಿಯ ಕಪ್ಪು ವೈರ್ ಸ್ಟೀರಿಯೋ ಜ್ಯಾಕಿನ ಮಧ್ಯದ ಸಂಪರ್ಕವಾದ ರಿಂಗ್‌ಗೆ, ಸರ್ಕಿಟ್‌ನ ಗ್ರೌಂಡ್ ಹೊರಗಿನ ಸಂಪರ್ಕವಾದ ಸ್ಲೀವ್‌ಗೆ ಇರಬೇಕು. ಮೋನೋ ಪಿನ್ ಒಳಗೆ ಹೋದಾಗ ಅವೆರಡೂ ಕೂಡುತ್ತವೆ. ಬ್ಯಾಟರಿ ತೆಗೆದು, ಕಪ್ಪು ವೈರ್‌ಗೂ ಡಬ್ಬಿಗೂ ಬೀಪ್ ಪರೀಕ್ಷೆ ಮಾಡಿ: ಪಿನ್ ಇಲ್ಲದಾಗ ಬೀಪ್ ಬರಲೇಬಾರದು. ನಟ್ ಸಡಿಲಾಗಿ ಜ್ಯಾಕ್ ತಿರುಗಿ, ರಿಂಗಿನ ಕಾಲು ಅಲ್ಯೂಮಿನಿಯಂ ಡಬ್ಬಿಗೆ ತಾಗುವುದು ಸಾಮಾನ್ಯ. ಇನ್ನೊಂದು, ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಈ ಎರಡು ಕಾಲುಗಳ ನಡುವೆ ಉಳಿದ ಸೋಲ್ಡರಿಂಗ್ ಪೇಸ್ಟ್ ತೇವ ಹೀರಿ ಸೋರುತ್ತದೆ. ಬರೀ 100 ಮೈಕ್ರೋಆಂಪ್ ಸೋರಿದರೂ ತಿಂಗಳಿಗೆ 72 ಮಿಲಿಆಂಪ್-ಅವರ್ ಹೋಯಿತು. ಹಳೆಯ ಹಲ್ಲುಜ್ಜುವ ಬ್ರಷ್, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿಕ್ಕಿ.

ಎರಡೂ ಕಡೆ ರೆಸಿಸ್ಟರ್ ಬದಲಿಸಿದ ಮೇಲೆ ಓವರ್‌ಡ್ರೈವ್ 4.8ಕ್ಕೆ ಇಳಿಯಿತು. ಸುಮಾರು 500 ಮಿಲಿಆಂಪ್-ಅವರ್‌ನ ಆಲ್ಕಲೈನ್ ಬ್ಯಾಟರಿಗೆ ಇದು 100 ತಾಸಿನ ಲೆಕ್ಕ, ಮೊದಲು 22 ತಾಸು ಇತ್ತು. ಆದರೆ ಪಿಟಿ2399 ಚಿಪ್ ಇರುವ ಡಿಲೇ (ಪ್ರತಿಧ್ವನಿ) ಪೆಡಲ್‌ನಲ್ಲಿ ಇಂಥ ಅಂಕಿ ಹುಡುಕಬೇಡಿ. ಆ ಚಿಪ್ ಒಂದಕ್ಕೇ 15 ಮಿಲಿಆಂಪ್ ಆಸುಪಾಸು ಬೇಕು, ಅದಕ್ಕೆ ಅಡಾಪ್ಟರ್ ಕೊಡುವುದೇ ಸರಿ.