ಮೂರೆಣ್ಣೆಯ ಸೋಪು: ಬೆಂಕಿಗಿಂತ ತಕ್ಕಡಿ ಮುಖ್ಯ

ಸೋಪು ಕೆಡುವುದು ಹೆಚ್ಚಾಗಿ ತಕ್ಕಡಿಯ ಹತ್ತಿರವೇ. ಲೋಟ, ಚಮಚದ ಅಳತೆ ಬೇಡ. ನೀರನ್ನೂ ಗ್ರಾಂ ಲೆಕ್ಕದಲ್ಲೇ ತೂಗಿ.

ಒಂದು ಕಿಲೋ ಎಣ್ಣೆಯ ಲೆಕ್ಕ ಹೀಗೆ: ಆಲಿವ್ ಎಣ್ಣೆ 600 ಗ್ರಾಂ, ಕೊಬ್ಬರಿ ಎಣ್ಣೆ 300, ಹರಳೆಣ್ಣೆ 100, ಕಾಸ್ಟಿಕ್ ಸೋಡಾ (ಎಣ್ಣೆಯನ್ನು ಸೋಪಾಗಿಸುವ ಕಟು ಕ್ಷಾರ, ಮುಂದೆ ಬರೀ ‘ಸೋಡಾ’) 141, ನೀರು 282. ಇಷ್ಟೂ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 149 ಗ್ರಾಂ ಸೋಡಾ ಬೇಕು. ಶೇ. 5ರಷ್ಟು ಕಡಿಮೆ ಹಾಕುವುದು ಬೇಕೆಂದೇ. ಸೋಡಾ ಮಿಗಬಾರದು, ಮಿಕ್ಕರೆ ಎಣ್ಣೆ ಮಿಗಲಿ. ಒಂದು ಗ್ರಾಂ ಕೊಬ್ಬರಿ ಎಣ್ಣೆ 0.183 ಗ್ರಾಂ ಸೋಡಾ ಕುಡಿದರೆ ಆಲಿವ್ 0.135, ಹರಳೆಣ್ಣೆ 0.128. ಒಂದರ ಬದಲು ಇನ್ನೊಂದು ಸುರಿದರೆ ಲೆಕ್ಕ ಹೊಸದಾಗಿ ಹಾಕಲೇಬೇಕು.

ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಕಡೆ ಸೋಡಾವನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಅನ್ನು ಸೋಡಾ ತಿಂದುಹಾಕುತ್ತದೆ, ಹೈಡ್ರೋಜನ್ ಅನಿಲವೂ ಏಳುತ್ತದೆ. ಮೈಮೇಲೆ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಿ, ವಿನೆಗರ್ ಹಚ್ಚಬೇಡಿ.

ಸೋಡಾ ನೀರು, ಎಣ್ಣೆ ಎರಡೂ 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ನೀರನ್ನು ಎಣ್ಣೆಗೆ ಸುರಿದು ಕಡೆಯಿರಿ. ಹ್ಯಾಂಡ್ ಬ್ಲೆಂಡರ್‌ಗೆ ಕೆಲವೇ ನಿಮಿಷ ಸಾಕು. ಬ್ಲೆಂಡರ್ ಇಲ್ಲದೆ ಸೌಟಿನಿಂದ ಕಡೆದರೆ ಒಂದು ಗಂಟೆಯೂ ಮೀರಬಹುದು, ತೋಳಿಗೆ ಒಳ್ಳೆಯ ವ್ಯಾಯಾಮ. ಸೌಟಿನಿಂದ ಬಿದ್ದ ಹನಿ ಮೇಲೆ ಗೆರೆಯಾಗಿ ನಿಂತರೆ ಹದ ಬಂದಂತೆ. ಅಚ್ಚಿಗೆ ಸುರಿದು, ಬಟ್ಟೆ ಹೊದಿಸಿ ಒಂದು ದಿನ ಬಿಡಿ. ಕೆಲವು ಸುಗಂಧ ತೈಲಗಳು ಕಣ್ಣೆದುರೇ ಪಾಕವನ್ನು ಕಲ್ಲಾಗಿಸುತ್ತವೆ. ಮೊದಲ ಸಲ ಪರಿಮಳದ ಆಸೆ ಬಿಡುವುದು ಒಳ್ಳೆಯದು.

ಮೇಲೆ ಎಣ್ಣೆ ತೇಲಿ ನಿಂತರೆ ಹದ ಬರುವ ಮೊದಲೇ ಸುರಿದಿದ್ದೀರಿ. ಇನ್ನೂ ಮೆತ್ತಗಿರುವಾಗಲೇ ಪಾತ್ರೆಗೆ ಹಾಕಿ ಮತ್ತೆ ಕಡೆಯಿರಿ. ಪುಡಿಪುಡಿಯಾಗಿ ಒಡೆದರೆ ಸೋಡಾ ಹೆಚ್ಚಾಗಿರಬಹುದು, ಬಳಸಬೇಡಿ. ಮೇಲಿನ ತೆಳು ಬಿಳಿ ಪುಡಿ ಮಾತ್ರ ನಿರುಪದ್ರವಿ: ಗಾಳಿಯ ಇಂಗಾಲದ ಡೈಆಕ್ಸೈಡ್‌ಗೆ ಸೋಡಾ ಸೇರಿ ಆದದ್ದು, ಒರೆಸಿದರೆ ಹೋಗುತ್ತದೆ. ವಾರಗಳ ನಂತರ ಕಿತ್ತಳೆ ಚುಕ್ಕೆ, ಕಮಟು ವಾಸನೆ ಬಂದರೆ ಮಿಕ್ಕ ಎಣ್ಣೆ ಕಮರಿದೆ.

ಕಟ್ಟಿಗೆ ಬೂದಿಯ ನೀರಿನಲ್ಲೂ ಸೋಪು ಆಗುತ್ತದೆ. ಆದರೆ ಅದರಲ್ಲಿರುವುದು ಪೊಟ್ಯಾಸಿಯಂ ಕ್ಷಾರ, ಸೋಪು ಬಿಲ್ಲೆಯಾಗದೆ ಮೆತ್ತಗೆ ಉಳಿಯುತ್ತದೆ. ಬೂದಿನೀರಿನ ಕ್ಷಾರದ ಬಲ ಪ್ರತಿಸಲ ಬೇರೆಯಾದ್ದರಿಂದ ಮೇಲಿನ ಲೆಕ್ಕ ಅದಕ್ಕೆ ಹೊಂದದು.

ಗಟ್ಟಿಯಾದ ಮೇಲೆ ಕೈಗವಸು ಹಾಕಿಯೇ ಕತ್ತರಿಸಿ, ಬಿಲ್ಲೆಗಳು ಒಂದಕ್ಕೊಂದು ತಾಗದಂತೆ ನೆರಳಿನಲ್ಲಿ 4ರಿಂದ 6 ವಾರ ಒಣಗಿಸಿ. ಅವಸರಪಟ್ಟು ಬಚ್ಚಲಿಗೆ ಒಯ್ದರೆ ಬೇಗ ಕರಗುತ್ತದೆ.