ಹಲ್ಲು ಕ್ಲೀನ್ ಮಾಡಿಸಿದ ಮೇಲೆ ಜುಮ್ ಅಂದರೆ ಏನು ಮಾಡಬೇಕು?

ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದ ಮರುದಿನ ನಮ್ಮತ್ತೆ ಒಂದು ಗುಟುಕು ತಣ್ಣೀರು ಕುಡಿದವರೇ ಕೆನ್ನೆ ಹಿಡಿದು ಕೂತುಬಿಟ್ಟರು. ‘ಚೆನ್ನಾಗಿದ್ದ ಹಲ್ಲನ್ನ ಕೆರೆದು ಹಾಳು ಮಾಡಿದ್ರು ಕಣೇ’ ಎಂದು ಮೂರು ದಿನ ಬ್ರಷ್ ಮುಟ್ಟಲಿಲ್ಲ. ಎದುರುಮನೆಯವರು ಲವಂಗದೆಣ್ಣೆಯನ್ನು ಹಾಗೇ ಹಚ್ಚಿಕೊಂಡು ವಸಡು ಸುಟ್ಟುಕೊಂಡರು. ಎರಡೂ ಬೇಕಿರಲಿಲ್ಲ.

ಹಲ್ಲು ಹಾಳಾಗಿರುವುದಿಲ್ಲ. ಕಲ್ಲಿನಂತೆ ಗಟ್ಟಿಯಾದ ಪಾಚಿ ವರ್ಷಗಟ್ಟಲೆ ಹಲ್ಲಿನ ಬುಡಕ್ಕೆ ಹೊದಿಕೆಯಾಗಿ ಕೂತಿರುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಅದು ಹೆಚ್ಚು, ಏಕೆಂದರೆ ಜೊಲ್ಲಿನ ಗ್ರಂಥಿಗಳು ಅಲ್ಲೇ ಬಾಯಿ ತೆರೆಯುತ್ತವೆ. ಪಾಚಿ ಹೋದಾಗ ಬೇರಿನ ಭಾಗ ಬಯಲಾಗುತ್ತದೆ. ಊದಿದ್ದ ವಸಡೂ ಇಳಿಯುತ್ತದೆ. ಬೇರಿಗೆ ಎನಾಮಲ್ ಎಂಬ ಗಟ್ಟಿ ಹೊದಿಕೆಯಿಲ್ಲ, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ತಣ್ಣಗಿನದು ತಾಕಿದೊಡನೆ ಕೊಳವೆಯೊಳಗಿನ ದ್ರವ ಅಲುಗಿ ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ಸಂದು ಬಿಟ್ಟಂತೆ ಕಂಡು ನಾಲಿಗೆ ಪದೇಪದೇ ಅಲ್ಲಿಗೇ ಹೋಗುವುದೂ ಪಾಚಿ ಹೋಗಿ ಜಾಗ ಖಾಲಿಯಾಗಿದ್ದಕ್ಕೇ.

ಮೊದಲ ಎರಡು ದಿನ: ಉಗುರುಬೆಚ್ಚಗಿನ ನೀರು, ಆರಿದ ಕಾಫಿ, ಮೆತ್ತಗಿನ ಅನ್ನ. ಐಸ್‌ಕ್ರೀಂ, ನಿಂಬೆ ಶರಬತ್ತು, ಉಪ್ಪಿನಕಾಯಿ ಬೇಡ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಎರಡು ಮೂರು ಸಲ ಮುಕ್ಕಳಿಸಿ.

ಬ್ರಷ್: ‘ಸಾಫ್ಟ್’ ಎಂದು ಬರೆದಿರುವುದೇ ಆಗಬೇಕು. ಎಳೆಗಳು ಬಾಗಿ ಹರಡಿಕೊಂಡ ಹಳೆಯದನ್ನು ಬಿಸಾಡಿ.

ಪೇಸ್ಟ್: ಎಲ್ಲರೂ ಎಡವುವುದು ಇಲ್ಲೇ. ಸೆನ್ಸಿಟಿವಿಟಿ ಪೇಸ್ಟ್ ತರುತ್ತಾರೆ, ಎರಡು ದಿನ ಉಜ್ಜುತ್ತಾರೆ, ‘ಏನೂ ಆಗಲಿಲ್ಲ’ ಎಂದು ಪಕ್ಕಕ್ಕಿಡುತ್ತಾರೆ. ಟ್ಯೂಬಿನ ಹಿಂಬದಿ ಓದಿ. ಪೊಟ್ಯಾಸಿಯಂ ನೈಟ್ರೇಟ್ ಇದ್ದರೆ (ಸಾಮಾನ್ಯವಾಗಿ ಶೇ 5) ಅದು ನರವನ್ನು ನಿಧಾನವಾಗಿ ಸಮಾಧಾನಪಡಿಸುವ ವಸ್ತು, ಪೂರ್ತಿ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು, ಒಂದು ದಿನವೂ ತಪ್ಪದಂತೆ ಬಳಸಿ.

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನಿನಂತೆ ಬೆರಳಲ್ಲಿ ಹಿಡಿಯಿರಿ, ಒತ್ತಡ ತಾನೇ ಕಡಿಮೆಯಾಗುತ್ತದೆ. ವಸಡು ಹಲ್ಲಿಗೆ ಸೇರುವ ಗೆರೆಯ ಮೇಲೆ ಓರೆಯಾಗಿಟ್ಟು ಸಣ್ಣ ಸಣ್ಣ ಸುತ್ತು ಹಾಕಿ, ಎರಡು ನಿಮಿಷ. ಆಮೇಲೆ ನೊರೆಯನ್ನು ಉಗಿಯಿರಿ, ಅಷ್ಟೇ. ನಲ್ಲಿ ತಿರುಗಿಸಿ ನಾಲ್ಕು ಸಲ ಬಾಯಿ ಮುಕ್ಕಳಿಸಿದರೆ ದುಡ್ಡು ಕೊಟ್ಟು ತಂದ ಔಷಧಿಯೆಲ್ಲ ಬಚ್ಚಲಿಗೆ ಹೋಯಿತು. ನಮ್ಮತ್ತೆಗೆ ಈ ಅಭ್ಯಾಸ ಬಿಡಿಸುವುದಕ್ಕೇ ಒಂದು ವಾರ ಹಿಡಿಯಿತು. ರಾತ್ರಿ ಉಜ್ಜಿದ ಮೇಲೆ ಬಟಾಣಿ ಕಾಳಿನಷ್ಟು ಪೇಸ್ಟನ್ನು ಬೆರಳ ತುದಿಗೆ ತೆಗೆದುಕೊಂಡು, ಜುಮ್ ಅನ್ನುವ ಹಲ್ಲಿನ ಬುಡಕ್ಕೆ ಒಂದು ನಿಮಿಷ ಸವರಿ ಉಗಿದು ಮಲಗಿ. ಬೆಳ್ಳಗಾಗಿಸುವ ಪೇಸ್ಟ್, ಇದ್ದಿಲಿನ ಪುಡಿ, ತರಿತರಿಯಾದ ಕೆಂಪು ಹಲ್ಲುಪುಡಿ ಇವನ್ನು ನಾನಂತೂ ಮನೆಯೊಳಕ್ಕೇ ಬಿಡುವುದಿಲ್ಲ, ಬಯಲಾದ ಬೇರನ್ನು ಅವು ಸವೆಸುತ್ತವೆ. ಹುಳಿ ತಿಂದ ತಕ್ಷಣ ಉಜ್ಜುವುದೂ ಹಾಗೆಯೇ, ಅರ್ಧ ಗಂಟೆ ತಡೆಯಿರಿ.

ನೋವಿಗೆ ಹೆದರಿ ಉಜ್ಜುವುದನ್ನೇ ಬಿಟ್ಟರೆ ಪಾಚಿ ಮತ್ತೆ ಕೂರುತ್ತದೆ, ವಸಡು ಮತ್ತೆ ಊದುತ್ತದೆ.

ಮೌತ್‌ವಾಶ್: ಡಾಕ್ಟರು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿ ಕೊಲ್ಲುವ ಮೌತ್‌ವಾಶ್ ಬರೆದುಕೊಟ್ಟಿದ್ದರೆ, ಅವರು ಹೇಳಿದಷ್ಟು ದಿನ ಮಾತ್ರ. ಹೆಚ್ಚು ದಿನ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ. ಪೇಸ್ಟ್ ಹಾಕಿ ಉಜ್ಜಿದ ಬೆನ್ನಿಗೇ ಬೇಡ, ಅರ್ಧ ಗಂಟೆ ಬಿಡಿ.

ಮಾಮೂಲಿ ಕ್ಲೀನಿಂಗ್ ಆದರೆ ಹೆಚ್ಚಿನವರಿಗೆ ಕೆಲವು ದಿನಗಳಿಂದ ಎರಡು ವಾರದೊಳಗೆ ಜುಮ್ ಅನ್ನುವುದು ತಗ್ಗುತ್ತದೆ. ವಸಡಿನೊಳಗೆ ಆಳಕ್ಕಿಳಿದು ಮಾಡಿದ್ದರೆ ಇನ್ನೂ ಕೆಲವು ವಾರ ಹಿಡಿಯಬಹುದು. ಆದರೆ ಒಂದೇ ಹಲ್ಲು ನೋಯುತ್ತಿದ್ದರೆ, ತಣ್ಣೀರು ನುಂಗಿ ಅರ್ಧ ನಿಮಿಷವಾದರೂ ನೋವು ನಿಲ್ಲದಿದ್ದರೆ, ಕಚ್ಚಿದಾಗ ಚುಳ್ ಎಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಅದು ಹುಳುಕೋ ಬಿರುಕೋ ಇರಬಹುದು. ಪೇಸ್ಟ್ ನೆಚ್ಚಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ಹೋಗಿ.