ವಸಂತದ ಟರ್ಕಿಗೆ ಮರಸು ಕೂರುವ ಜಾಗ

ಅಮೆರಿಕದ ಮಿಸೌರಿ ರಾಜ್ಯದಲ್ಲಿ ವಸಂತದ ಟರ್ಕಿ ಕೋಳಿ ಬೇಟೆ ಏಪ್ರಿಲ್‌ನ ಮೂರನೇ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಇಲ್ಲಿ ಸೋವು, ಅಂದರೆ ಜನ ಸೇರಿ ಬೇಟೆಯನ್ನು ಅಟ್ಟಿ ಎಬ್ಬಿಸುವುದು, ಇಲ್ಲ. ಮಲೆನಾಡಿನವರು ಹೇಳುವ ಹಾಗೆ ಮರಸು ಕೂರುವುದೇ, ಅಂದರೆ ಅವಿತು ಕಾಯುವುದೇ, ಎಲ್ಲ. ಹೊಸಬರು ಹಕ್ಕಿಯ ಹಾಗೆ ಕೂಗುವುದನ್ನು ಕಲಿಯಲು ತಿಂಗಳುಗಟ್ಟಲೆ ಕಳೆಯುತ್ತಾರೆ. ನನ್ನ ಲೆಕ್ಕದಲ್ಲಿ ಕೂಗಿಗಿಂತ ಕೂರುವ ಜಾಗ ಮುಖ್ಯ.

ಟರ್ಕಿಗಳಲ್ಲಿ ಗಂಡು ಕೂಗುತ್ತದೆ, ಹೇಂಟೆ ಅದನ್ನು ಹುಡುಕಿಕೊಂಡು ಹೋಗುತ್ತದೆ. ನಾವು ಹೇಂಟೆಯ ದನಿ ತೆಗೆದು ಗಂಡನ್ನೇ ಬರಹೇಳುತ್ತೇವೆ. ಅದು ಬರುತ್ತದೆ, ಆದರೆ ದನಿ ಬಂದ ಜಾಗ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ನಿಂತು ಹೇಂಟೆ ಎಲ್ಲಿ ಎಂದು ನೋಡುತ್ತದೆ. ಬಯಲಿನ ಅಂಚಿನಲ್ಲಿ ಕೂತಿದ್ದರೆ 80 ಗಜದಲ್ಲೇ ನಿಂತು, ಏನೂ ಕಾಣದೆ ವಾಪಸಾಗುತ್ತದೆ. ಅದಕ್ಕೇ ನಾನು ಗುಡ್ಡದ ನೆತ್ತಿ ಅಥವಾ ಹಿಂದೆ ಮರ ಸಾಗಿಸುತ್ತಿದ್ದ ದಾರಿಯ ತಿರುವು 30 ಗಜ ಮುಂದೆ ಇರುವ ಹಾಗೆ ಕೂರುತ್ತೇನೆ. ಹಕ್ಕಿ ಇಣುಕಿ ನೋಡುವ ಹೊತ್ತಿಗೆ ಕೋವಿಯ ಅಳವಿನೊಳಗೆ ಬಂದಿರುತ್ತದೆ. ನಡುವೆ ಹಳ್ಳ, ತಂತಿಬೇಲಿ, ಕೊರಕಲು ಇರಬಾರದು. ಹಾರಿ ದಾಟಬಲ್ಲ ಹಕ್ಕಿಯೂ ಅಲ್ಲೇ ಅಡ್ಡಾಡುತ್ತ ಉಳಿದುಬಿಡುತ್ತದೆ. ಅದು ಇರುವ ಮಟ್ಟದಲ್ಲೋ ಸ್ವಲ್ಪ ಮೇಲೋ ಕೂರುವುದು ಒಳ್ಳೆಯದು.

ಹಿಂದಿನ ಸಂಜೆ ಕತ್ತಲಾಗುವಾಗ ಗೂಬೆಯ ಕೂಗು ಹಾಕಿದರೆ, ಮರ ಏರಿ ಕೂತ ಗಂಡು ಎಷ್ಟೋ ಸಲ ಮರುದನಿ ಕೊಡುತ್ತದೆ. ಬೆಳಗ್ಗೆ ಸೂರ್ಯೋದಯಕ್ಕೆ ಒಂದು ಗಂಟೆ ಮುಂಚೆ, ಟಾರ್ಚ್ ಹಾಕದೆ, ಆ ಮರದಿಂದ 150 ಗಜ ದೂರದಲ್ಲಿ ಹೋಗಿ ಕೂರುತ್ತೇನೆ. ಇನ್ನೂ ಹತ್ತಿರ ಹೋದರೆ ಮೇಲಿಂದ ಕಂಡುಬಿಡುತ್ತದೆ. ಮೂಗು ಚುರುಕಿಲ್ಲದ ಈ ಹಕ್ಕಿಯ ಕಣ್ಣು ಬಲು ಚುರುಕು. ಒರಗುವ ಮರ ಭುಜಕ್ಕಿಂತ ಅಗಲವಿರಬೇಕು. ಹಿಂದಿನಿಂದ ಬೇರೆ ಬೇಟೆಗಾರನ ಚರೆ ಬಂದರೂ ಅದೇ ರಕ್ಷೆ. ಬಲಗೈಯವರು ಎಡಭುಜವನ್ನು ಹಕ್ಕಿ ಬರುವ ದಿಕ್ಕಿಗೆ ತಿರುಗಿಸಿ, ಕೋವಿಯನ್ನು ಎಡ ಮೊಣಕಾಲ ಮೇಲಿಟ್ಟುಕೊಳ್ಳಬೇಕು. ಅಲುಗಾಡುವುದಿದ್ದರೆ ಹಕ್ಕಿಯ ತಲೆ ಮರದ ಮರೆಗೆ ಹೋದಾಗ ಮಾತ್ರ.

ಕೂಗು ಕಡಿಮೆಯಿರಲಿ. ಗಂಡು ಮರದ ಮೇಲಿರುವಾಗ ಮೆತ್ತಗೆ ಮೂರು ನಾಲ್ಕು ಯೆಲ್ಪ್ (ಹೇಂಟೆ ಕರೆಯುವ ದನಿ), ಮರುದನಿ ಬಂದರೆ ಸುಮ್ಮನಿರುವುದು. ಜಾಸ್ತಿ ಕರೆದರೆ ಹೇಂಟೆಯೇ ಬರುತ್ತದೆಂದು ಕೊಂಬೆಯ ಮೇಲೇ ಕೂತು ಕೂಗುತ್ತದೆ. ಕಡ್ಡಿಯಿಂದ ಉಜ್ಜಿ ದನಿ ಹೊರಡಿಸುವ ಸ್ಲೇಟ್ ಕಾಲ್‌ನ ಮೇಲ್ಮೈಯನ್ನು ಮರಳುಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿರಬೇಕು. ಬೆರಳಿನ ಜಿಡ್ಡು, ಇಬ್ಬನಿ ತಗುಲಿದರೆ ಕಡ್ಡಿ ಜಾರಿ ದನಿ ಕೀರಲಾಗುತ್ತದೆ. ಮಳೆಯಿದ್ದರೆ ಬಾಯಿಯಲ್ಲಿಟ್ಟು ಊದುವ ಡಯಾಫ್ರಾಮ್ ಒಂದೇ ನಂಬಿಕೆಗೆ ಅರ್ಹ.

ಕೋವಿ 12 ಬೋರಿನದು, ಟರ್ಕಿ ಚೋಕ್ (ಚರೆ ಹೆಚ್ಚು ಚದುರದಂತೆ ನಳಿಗೆಯ ತುದಿಯನ್ನು ಕಿರಿದಾಗಿಸುವ ಕೊಳವೆ), 5ನೇ ನಂಬರಿನ ಚರೆ. ನಂಬರು ಹೆಚ್ಚಿದಷ್ಟೂ ಚರೆ ಸಣ್ಣ; ಇಲ್ಲಿ 4ನೇ ನಂಬರಿಗಿಂತ ದಪ್ಪ ಚರೆ ಬಳಸುವಂತಿಲ್ಲ. ಬೇಟೆಗೆ ಮುಂಚೆ 40 ಗಜದಲ್ಲಿ ಕಾಗದ ಕಟ್ಟಿ ಹೊಡೆದು, 10 ಇಂಚಿನ ವೃತ್ತದೊಳಗೆ 100 ಚರೆ ಬಿದ್ದಿವೆಯೇ ಎಂದು ಎಣಿಸಬೇಕು. ಬೀಳದಿದ್ದರೆ ಎಷ್ಟು ದೂರಕ್ಕೆ ಬೀಳುತ್ತದೋ ಅದೇ ನಿಮ್ಮ ಗಡಿ. 15 ಗಜದಲ್ಲೂ ಒಮ್ಮೆ ಹೊಡೆದು ನೋಡಿ: ಚರೆಯೆಲ್ಲ ಮುಷ್ಟಿಯಷ್ಟೇ ಜಾಗಕ್ಕೆ ಬೀಳುತ್ತದೆ, ಹತ್ತಿರದ ಹಕ್ಕಿ ತಪ್ಪುವುದು ಅದಕ್ಕೇ. ಗುರಿ ಕತ್ತಿನ ಬುಡಕ್ಕಲ್ಲ, ಮೈಗಂತೂ ಅಲ್ಲ, ತಲೆ ಮತ್ತು ಕತ್ತು ಸೇರುವ ಜಾಗಕ್ಕೆ. ಗರಿ ಕೆದರಿ ನಿಂತಾಗ ಕತ್ತು ಒಳಗೆ ಸೇರಿರುತ್ತದೆ. ಹೇಂಟೆಯ ಹಾಗೆ ಒಂದು ಚಿಕ್ಕ ಕ್ಲಕ್ ದನಿ ಕೊಟ್ಟರೆ ಕತ್ತು ನಿಗುರಿಸುತ್ತದೆ.

ಗಡ್ಡವಿರುವ (ಎದೆಯಿಂದ ಕೂದಲಿನಂಥ ಕುಚ್ಚು ಇಳಿಬಿದ್ದಿರುವ) ಹೇಂಟೆಯನ್ನೂ ಹೊಡೆಯಲು ನಿಯಮ ಬಿಡುತ್ತದೆ, ನಾನು ಹೊಡೆಯುವುದಿಲ್ಲ. ನೆಲದ ಗೂಡಿನಲ್ಲಿ 28 ದಿನ ಕಾವು ಕೂರುವುದು ಅದೇ. ಎದೆಗರಿಯ ತುದಿ ಕಪ್ಪಿದ್ದರೆ ಗಂಡು, ಕಂದಿದ್ದರೆ ಹೇಂಟೆ. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಗಂಡಿನ ತಲೆಯ ಬಣ್ಣ ಅವೇ. ಕೂಗು ಕೇಳಿದ ಕಡೆಗೆ ನುಸುಳಿಕೊಂಡು ಹೋಗಲೇಬಾರದು, ಕೂಗುತ್ತಿರುವುದು ಇನ್ನೊಬ್ಬ ಬೇಟೆಗಾರನಿರಬಹುದು.

ಮರದಿಂದಿಳಿದ ಗಂಡು ಹೇಂಟೆಗಳ ಹಿಂದೆ ಹೋಗಿಬಿಟ್ಟರೆ ಬೆನ್ನಟ್ಟಬೇಡಿ. ಒಂಬತ್ತರ ಮೇಲೆ ಹೇಂಟೆಗಳು ಒಂದೊಂದಾಗಿ ಗೂಡಿಗೆ ಸರಿಯುತ್ತವೆ. ಆಗ ಒಂಟಿಯಾದ ಗಂಡು ಬೆಳಗ್ಗೆ ಕೇಳಿದ್ದ ದನಿಯ ಜಾಗಕ್ಕೆ, ಕೂಗದೆ, ತಾನಾಗಿ ಬರುವುದುಂಟು. ಹನ್ನೊಂದರವರೆಗಾದರೂ ಕೂತಲ್ಲಿಂದ ಏಳಬೇಡಿ.